ದಾಟುವುದೋ, ದಾಟಿಸುವುದೋ?

ತೀರ್ಥಹಳ್ಳಿಯಲ್ಲಿ ಪಾಠ ಮಾಡುತ್ತಿದ್ದಾಗ ಹೊಸನಗರ ಕಡೆಯ ವಿದ್ಯಾರ್ಥಿನಿಯೊಬ್ಬಳ ಉತ್ತರ ಪತ್ರಿಕೆಯಲ್ಲಿ ಒಂದು ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದೆ. 'ದಿಸ್ ರೈಸ್ ವಿಲ್ ಟೈಡ್ ಅಸ್ ಓವರ್ ಟಿಲ್ ದಿ ರೇನ್ಸ್ ಸ್ಟಾಪ್' ಎಂದು ಬರೆದಿದ್ದಳು. 'ಟೈಡ್ ಓವರ್' ನಡುವೆ 'ಅಸ್' ತೂರಿಸಿದ್ದಾಳೆಂದು ಒಂದು ಅಂಕ ಕಳೆದೆ.

ನಾನು ಈ ಪದವನ್ನು ಕಲಿತದ್ದು ನಮ್ಮ ಇಂಗ್ಲಿಷ್ ದಿನಪತ್ರಿಕೆಗಳಿಂದ. ಅಲ್ಲಿ 'ಟು ಟೈಡ್ ಓವರ್ ದಿ ಕ್ರೈಸಿಸ್' ಎಂಬುದು ಧಾರಾಳ. ಅಂದರೆ ಸಂಕಟವನ್ನು ದಾಟುವುದು. ರಾತ್ರಿ ನಿಘಂಟು ತೆರೆದಾಗ ನನ್ನ ಬಿ.ಎ. ಪದವಿಗೇ ನಾಚಿಕೆಯಾಯಿತು. ಬ್ರಿಟಿಷ್ ರೂಢಿಯಲ್ಲಿ ನಡುವೆ ಬರಬೇಕಾದದ್ದು ಮನುಷ್ಯರೇ: 'ಟೈಡ್ ಮಿ ಓವರ್', 'ಟೈಡ್ ಅಸ್ ಓವರ್'. ಹಣವೋ ಅಕ್ಕಿಯೋ ನಮ್ಮನ್ನು ಕಷ್ಟದ ಆಚೆಗೆ ದಾಟಿಸುತ್ತದೆ. ಕನ್ನಡದಲ್ಲಿ ಒಂದು 'ಇಸು' ಪ್ರತ್ಯಯ ಮಾಡುವ ಕೆಲಸ ಇದು. ನಮ್ಮ ದೇಶದಲ್ಲಿ ಇಷ್ಟೊಂದು ಜನ ಬಳಸುವುದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ಆ ಹುಡುಗಿಯದಂತೂ ತಪ್ಪಾಗಿರಲಿಲ್ಲ.

'ಟೈಡ್' ಎಂದರೆ ಸಮುದ್ರದ ಉಬ್ಬರವಿಳಿತ. 'ಕಟ್ಟಿದ' ಎಂಬ ಅರ್ಥದ 'ಟೈಡ್' ಬೇರೆ, ಅದರ ಕಾಗುಣಿತವೂ ಬೇರೆ. 1627ರಷ್ಟು ಹಿಂದೆಯೇ ಇದು ನಾವಿಕರ ಮಾತಾಗಿತ್ತು. ನೀರು ಅನುಕೂಲವಾಗಿ ಹರಿಯುವಾಗ ಹಡಗು ಸಾಗುವುದು, ಎದುರಾಗಿ ತಿರುಗಿದಾಗ ಲಂಗರು ಹಾಕಿ ಮುಂದಿನ ಉಬ್ಬರಕ್ಕೆ ಕಾಯುವುದು. ಆದ್ದರಿಂದಲೇ ಇಂದಿಗೂ ಇದು ಸ್ವಲ್ಪ ಕಾಲದ ಅಡಚಣೆಗೆ ಒದಗುವ ಪದ. ತಿಂಗಳ ಕೊನೆಯ ಕೈಗಡಕ್ಕೆ ಸರಿ, ಜೀವನಪೂರ್ತಿಯ ಆಸರೆಗೆ ಅಲ್ಲ.

ಸಾಗರದ ಹೆಸರಲ್ಲಿ ಸಮುದ್ರವಿದ್ದರೂ ಊರಿನಲ್ಲಿ ಇರುವುದು ಕೆರೆ! ಆದರೂ ಅಲ್ಲಿಯವರಿಗೆ ಈ ಪದ ಸುಲಭವಾಗಿ ಅರ್ಥವಾದೀತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರನ್ನು ದಶಕಗಳ ಕಾಲ ಲಾಂಚ್ ದಾಟಿಸಿತು. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಈಗ ಜನ ತಾವೇ ದಾಟುತ್ತಾರೆ. ಮೊದಲನೆಯದು ಬ್ರಿಟಿಷ್ ಪ್ರಯೋಗ, ಎರಡನೆಯದು ನಮ್ಮ ಪತ್ರಿಕೆಗಳದ್ದು ಎಂದುಕೊಂಡರೆ ಮರೆಯುವುದಿಲ್ಲ.

ಮರುದಿನ ಅಂಕ ಮರಳಿಸಿ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ನಿಘಂಟಿನ ಉದಾಹರಣೆಯಲ್ಲಿ ಹಣ ಎಂದಿತ್ತಂತೆ. ಅಕ್ಕಿ ಮಾತ್ರ ಅವಳದು. ಅಬ್ಬಾ ಗಾರೆ ಕೆಲಸದವರು, ಆಷಾಢದ ಮಳೆಯಲ್ಲಿ ಕೆಲಸವಿಲ್ಲ, ಅಮ್ಮಿ ಮೇ ತಿಂಗಳಲ್ಲೇ ಎರಡು ಮೂಟೆ ತೆಗೆದಿಡುತ್ತಾರೆ ಎಂದಳು. ವ್ಯಾಕರಣ ತಿದ್ದುವ ಭರದಲ್ಲಿ ವಾಕ್ಯ ಏನು ಹೇಳುತ್ತಿದೆ ಎಂಬುದನ್ನೇ ನಾನು ಓದಿರಲಿಲ್ಲ.

ನಿಮ್ಮ ಮನೆಯನ್ನು ಮಳೆಗಾಲ ದಾಟಿಸುವುದು ಏನು? ಒಂದು ಇಂಗ್ಲಿಷ್ ವಾಕ್ಯ ಬರೆದು ಕಳುಹಿಸಿ. 'ಅಸ್' ನಡುವೆಯೇ ಇರಲಿ.