ಒಂದೇ ಹೆಸರಿನಲ್ಲಿ ಮೂರು ಮೀನು

ಬೆಂಗಳೂರಿನ ಮೀನು ಮಾರುಕಟ್ಟೆಯಲ್ಲಿ ಮುಂಜಾನೆ ಕ್ರೇಟುಗಳು ಇಳಿಯುವ ಹೊತ್ತಿಗೆ ಒಮ್ಮೆ ನಿಂತು ನೋಡಬೇಕು. ಕಟ್ಲಾ, ರೋಹು ಮೀನುಗಳು ಮಂಜುಗಡ್ಡೆಯಲ್ಲಿ ಮುಳುಗಿ ಬರುತ್ತವೆ. ಪಕ್ಕದ ಡಬ್ಬಿಯಲ್ಲಿ, ಬೆರಳು ಮುಳುಗುವಷ್ಟೇ ನೀರಿನಲ್ಲಿ, ಮೀಸೆಯ ಕಪ್ಪು ಮೀನುಗಳು ಜೀವಂತವಾಗಿ ಹೊರಳಾಡುತ್ತಿರುತ್ತವೆ. ಚೀಟಿಯಲ್ಲಿ ಬರೆದಿರುವುದು ಒಂದೇ ಪದ: ಕ್ಯಾಟ್‌ಫಿಶ್. ನಮ್ಮ ವ್ಯಾಪಾರದ ತೊಡಕೆಲ್ಲವೂ ಈ ಒಂದು ಪದದಲ್ಲಿ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಈ ಪದದೊಳಗೆ ಕನಿಷ್ಠ ಮೂರು ಸರಕುಗಳಿವೆ. ಮೊದಲನೆಯದು ನಮ್ಮದೇ ಆದ ಮಾಗೂರ್; ಕರಾವಳಿಯವರು ಮುಗುಡು ಎಂದು ಕರೆದು, ಮೊದಲ ಮಳೆಗೆ ಗದ್ದೆಗೆ ಏರಿ ಬಂದಾಗ ಹಿಡಿಯುವ ಮೀನು ಈ ಕುಲದ್ದೇ. ಬಿಹಾರವು ಮಾಗೂರನ್ನು ತನ್ನ ರಾಜ್ಯ ಮೀನೆಂದು ಘೋಷಿಸಿದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಪಾಯದಂಚಿನ ಜೀವಿ. ಎರಡನೆಯದು ಥಾಯ್ ಮಾಗೂರ್ ಎಂಬ ಹುಸಿ ಹೆಸರಿನಲ್ಲಿ ಮಾರಾಟವಾಗುವ ಆಫ್ರಿಕಾ ಮೂಲದ ಮೀನು. ಇದರ ಸಾಕಣೆ ನಮ್ಮ ದೇಶದಲ್ಲಿ ನಿಷಿದ್ಧ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಕ್ರಮಕ್ಕೆ ಸೂಚಿಸಿತು. ಮೂರನೆಯದು ಪಂಗಾಸಿಯಸ್, ಇದೂ ವಿದೇಶಿಯೇ, ಗಾಳಿಯನ್ನೂ ಉಸಿರಾಡಬಲ್ಲದು, ಆದರೆ ಷರತ್ತುಗಳಿಗೆ ಒಳಪಟ್ಟು ಇದರ ಸಾಕಣೆಗೆ ಅನುಮತಿ ಇದೆ. ಒಂದು ವಿರಳ, ಒಂದು ನಿಷಿದ್ಧ, ಒಂದು ಸಕ್ರಮ. ಮೂರಕ್ಕೂ ಚೀಟಿಯಲ್ಲಿ ಒಂದೇ ಹೆಸರು! ಅಕ್ಕಿ ವ್ಯಾಪಾರಿಯೊಬ್ಬರು ಸೋನಾಮಸೂರಿಗೂ ನುಚ್ಚಿಗೂ ಒಂದೇ ಬಿಲ್ಲು ಬರೆದರೆ ನಾವು ಸುಮ್ಮನಿರುತ್ತೇವೆಯೇ?

ನಿಷೇಧವಿದ್ದರೂ ಆಫ್ರಿಕಾ ಮೀನು ಮಾರುಕಟ್ಟೆಯಲ್ಲಿ ಉಳಿದಿರುವುದಕ್ಕೆ ಕಾರಣ ಲೆಕ್ಕಾಚಾರದಲ್ಲಿದೆ. ಕಿವಿರಿನ ಮೇಲ್ಭಾಗದಲ್ಲಿ ಮರದ ಕೊಂಬೆಯಂತೆ ಕವಲೊಡೆದ ಒಂದು ಅಂಗವಿದ್ದು, ಅದರ ಮೂಲಕ ಮೀನು ನೇರವಾಗಿ ಗಾಳಿಯನ್ನು ಹೀರುತ್ತದೆ. ಆದ್ದರಿಂದ ಆಮ್ಲಜನಕವಿಲ್ಲದ ಕೊಳಕು ಹೊಂಡವೂ ಅದಕ್ಕೆ ಸಾಕು. ಸಾಗಾಟಕ್ಕೆ ಮಂಜುಗಡ್ಡೆಯ ಖರ್ಚಿಲ್ಲ. ಮೇವೂ ಬಹುತೇಕ ಪುಕ್ಕಟೆ. ಕೋಳಿ ಅಂಗಡಿಯ ತ್ಯಾಜ್ಯವನ್ನು ಸಾಗಹಾಕಲು ಅಂಗಡಿಯವನೇ ದಾರಿ ಹುಡುಕುತ್ತಿರುತ್ತಾನೆ. ಅದನ್ನೇ ಹೊಂಡಕ್ಕೆ ಸುರಿದರೆ ಒಂದು ವರ್ಷದೊಳಗೆ ಮೀನು ಕಿಲೋ ದಾಟುತ್ತದೆ. ಕಾರ್ಖಾನೆಯ ಮೇವನ್ನು ದುಡ್ಡು ಕೊಟ್ಟು ತಂದು ಸಾಕುವ ಪ್ರಾಮಾಣಿಕ ಕೃಷಿಕ ಈ ದರದೊಡನೆ ಹೇಗೆ ತಾನೇ ಸೆಣಸಿಯಾನು? ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಹೊಂಡ ತುಂಬಿ ಹರಿದರೆ ಈ ಹೊಟ್ಟೆಬಾಕ ಮೀನು ಕೆರೆಗೆ ಸೇರಿ, ಹಣ ಕಟ್ಟಿ ಕೆರೆ ಗುತ್ತಿಗೆ ಹಿಡಿದವರ ಮರಿಗಳನ್ನು ನುಂಗುತ್ತದೆ.

ಅಧಿಕಾರಿಗಳು ಆಗಾಗ ಹೊಂಡಗಳ ಮೇಲೆ ದಾಳಿ ಮಾಡಿ ಮೀನನ್ನು ನಾಶಪಡಿಸುತ್ತಾರೆ. ಅದು ಆಗಬೇಕಾದುದೇ. ಆದರೆ ಮಾರುಕಟ್ಟೆಯಲ್ಲಿ ಕೊಳ್ಳುವವರು ಇರುವತನಕ ಹೊಂಡಗಳು ಬೇರೆಡೆ ತಲೆಯೆತ್ತುತ್ತವೆ. ಬಂಗಾಳ, ಅಸ್ಸಾಂ, ಬಿಹಾರಗಳಿಂದ ಬಂದು ನಮ್ಮ ನಗರಗಳಲ್ಲಿ ದುಡಿಯುವವರಿಗೆ ಮಾಗೂರ್ ಎಂದರೆ ರೋಗದಿಂದ ಎದ್ದವರಿಗೆ ಸಾರು ಮಾಡಿಕೊಡುವ ಮೀನು. ಅದಕ್ಕೆ ಹೆಚ್ಚಿನ ಬೆಲೆ ಕೊಡಲು ಅವರು ಸಿದ್ಧರಿದ್ದಾರೆ. ಅವರ ಚೀಲಕ್ಕೆ ಬೀಳುವುದು ಎಷ್ಟೋ ಬಾರಿ ಆಫ್ರಿಕಾ ಮೀನಿನ ಮರಿ, ಇಲ್ಲವೇ ಎರಡರ ಬೆರಕೆ. ದೇಶಿ ಮಾಗೂರ್ ಮಾರುವಾಗ ಸಾಮಾನ್ಯವಾಗಿ ನೂರು, ನೂರೈವತ್ತು ಗ್ರಾಂ ತೂಗುತ್ತದೆ. ಕಿಲೋ ಮೀರಿದ ಮೀನನ್ನು ‘ದೇಶಿ’ ಎಂದು ಯಾರಾದರೂ ಕೊಟ್ಟರೆ ವರ್ತಕರು ಕೈಗೆ ತೆಗೆದುಕೊಳ್ಳುವ ಮೊದಲೇ ಸಂಶಯಪಡಬೇಕು.

ಹಾಗಾದರೆ ನಿಜವಾದ ಮಾಗೂರ್ ಏಕೆ ಸಿಗುತ್ತಿಲ್ಲ? ಮರಿಗಳ ಕೊರತೆಯಿಂದ. ಸಾಕಣೆ ಕೇಂದ್ರದಲ್ಲಿ ಚುಚ್ಚುಮದ್ದು ಕೊಟ್ಟು ಹೆಣ್ಣುಮೀನಿನಿಂದ ಮೊಟ್ಟೆ ಹಿಂಡಬಹುದು. ಗಂಡು ಮಾತ್ರ ಹಾಗೆ ಕೊಡುವುದಿಲ್ಲ, ಅದನ್ನು ಸೀಳಿಯೇ ವೀರ್ಯ ತೆಗೆಯಬೇಕು. ಇನ್ನೊಂದು ವಿಚಿತ್ರವೂ ಇದೆ. ಕೆಸರಿನಲ್ಲಿಯೂ ಬದುಕುವ ಈ ಮೀನಿನ ಮರಿಗೆ ಹುಟ್ಟಿದ ಹತ್ತು ಹನ್ನೆರಡು ದಿನಗಳವರೆಗೆ ಗಾಳಿ ಹೀರುವ ಅಂಗ ಬಲಿತಿರುವುದಿಲ್ಲ. ಆ ಅವಧಿಯಲ್ಲಿ ಶುದ್ಧವಾದ ಹರಿಯುವ ನೀರು ತಪ್ಪಿದರೆ ಮರಿಗಳು ರಾಶಿಯಾಗಿ ಸಾಯುತ್ತವೆ. ಇದಕ್ಕೆ ದೊಡ್ಡ ಬಂಡವಾಳ ಬೇಡ. ಸಣ್ಣ ತೊಟ್ಟಿಗಳು, ನಲ್ಲಿಯಿಂದ ಸಣ್ಣಗೆ ಹರಿಯುವ ನೀರು, ಕಣ್ಣಿಟ್ಟು ಕಾಯುವ ಜನ ಬೇಕು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಸಾಕಣೆ ಸಂಸ್ಥೆಯು ಮಾಗೂರ್ ಮರಿ ಉತ್ಪಾದನೆಯ ವಿಧಾನವನ್ನು ರೂಪಿಸಿದೆ. ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಹೆಸರಘಟ್ಟದಲ್ಲಿಯೇ ಇದೆ. ಫೈಬರ್ ತೊಟ್ಟಿ, ಪಂಪು, ಮೇವಿನ ಗುಳಿಗೆ ತಯಾರಿಸುವ ನಮ್ಮ ಸದಸ್ಯರಿಗೆ ಇದು ದೂರದ ದಾರಿಯಲ್ಲ. ಕೋಳಿ ತ್ಯಾಜ್ಯವನ್ನು ಬೇಯಿಸಿ, ಒಣಗಿಸಿ, ಪುಡಿಯಾಗಿಸುವ ಘಟಕಗಳು ಹೆಚ್ಚಿದರೆ ಕಳ್ಳ ಹೊಂಡಗಳ ಪುಕ್ಕಟೆ ಮೇವೂ ತಪ್ಪುತ್ತದೆ.

ಜೀವಂತ ಮೀನಿಗೆ ಜಿಎಸ್‌ಟಿ ಇಲ್ಲವೆಂಬ ಕಾರಣಕ್ಕೆ ನಮ್ಮಲ್ಲಿ ಬಿಲ್ಲು ಬರೆಯುವ ಶಿಸ್ತೂ ಸಡಿಲವಾಗಿದೆ. ತೆರಿಗೆ ಇಲ್ಲದಿದ್ದರೂ ಹೆಸರು ಬರೆಯಲು ಅಡ್ಡಿಯೇನು? ಮೀನು ವರ್ತಕರು ತಮ್ಮ ಚೀಟಿಯಲ್ಲಿ ಮಾಗೂರ್, ಪಂಗಾಸಿಯಸ್ ಎಂದು ಬಿಡಿಸಿ ಬರೆಯಲಿ. ಸರಕು ಬಂದ ಊರನ್ನೂ ಮರಿ ತಂದ ಕೇಂದ್ರವನ್ನೂ ನಮೂದಿಸಲಿ. ನಮ್ಮ ಸಂಸ್ಥೆಯ ಕಾರ್ಯಕಾರಿ ಸಮಿತಿಯು ಅಂತಹದೊಂದು ನಮೂನೆಯನ್ನು ಸಿದ್ಧಪಡಿಸಿ, ಮುಂದಿನ ಮಳೆಗಾಲಕ್ಕೆ ಮೊದಲೇ ಮೀನುಗಾರಿಕೆ ಇಲಾಖೆಯ ಅಧಿಕಾರಿಗಳನ್ನೂ ಹೋಟೆಲ್ ಮಾಲೀಕರನ್ನೂ ಒಂದೆಡೆ ಕೂರಿಸಬೇಕೆಂದು ವಿನಂತಿಸುತ್ತೇನೆ. ಮಾಗೂರಿನ ಮರಿ ಮಾಡುವ ಕಾಲವೂ ಮಳೆಗಾಲವೇ.