ಚಿತ್ರ ಕಿರಿದಾಗಲಿ, ಒಡೆತನದ ಗುರುತು ಅಳಿಯದಿರಲಿ

ಸಣ್ಣ ಹಾಗೂ ಮಧ್ಯಮ ಉದ್ದಿಮೆಗಳ ಪಾಲಿಗೆ ಸಾಮಾಜಿಕ ಜಾಲತಾಣವು ಇಂದು ಬಾಡಿಗೆಯಿಲ್ಲದ ಪ್ರದರ್ಶನ ಮಳಿಗೆಯಾಗಿದೆ. ಚನ್ನಪಟ್ಟಣದ ಬೊಂಬೆಯಿರಲಿ, ಇಳಕಲ್ ಸೀರೆಯಿರಲಿ, ಬೀದರಿನ ಬಿದ್ರಿ ಕುಸುರಿಯಿರಲಿ, ದೂರದ ಖರೀದಿದಾರನ ಕಣ್ಣಿಗೆ ಮೊದಲು ಬೀಳುವುದು ಸರಕಲ್ಲ, ಅದರ ಛಾಯಾಚಿತ್ರ. ಅಂತಹ ಚಿತ್ರಕ್ಕಾಗಿ ಸಾಕಷ್ಟು ಹಣ ವ್ಯಯಿಸುವ ಉದ್ದಿಮೆದಾರರು, ಜಾಲತಾಣಕ್ಕೆ ಏರಿಸುವ ಮುನ್ನ ಅದನ್ನು ಕಿರಿದುಗೊಳಿಸುವ ಕೆಲಸವನ್ನು ಮಾತ್ರ ತೀರ ಹಗುರವಾಗಿ ಪರಿಗಣಿಸುತ್ತಿದ್ದಾರೆ. ಚಿತ್ರವು ತನ್ನ ಒಡೆಯನ ಹೆಸರನ್ನು ಕಳೆದುಕೊಳ್ಳುವುದು ಬಹುತೇಕ ಈ ಹಂತದಲ್ಲಿಯೇ.

ಡಿಜಿಟಲ್ ಚಿತ್ರದ ಕಡತದೊಳಗೆ ಚಿತ್ರದ ಜೊತೆಗೆ ಅದರ ವಿವರವೂ ಅಡಕವಾಗಿರುತ್ತದೆ. ಇದನ್ನೇ ಮೆಟಾಡೇಟಾ ಎನ್ನುತ್ತಾರೆ. ಕ್ಯಾಮೆರಾದ ಮಾದರಿ, ಚಿತ್ರ ತೆಗೆದ ದಿನಾಂಕ ಮತ್ತು ವೇಳೆಯನ್ನು ಕ್ಯಾಮೆರಾವೇ ದಾಖಲಿಸುವ ಎಕ್ಸಿಫ್ ಮಾದರಿಯು 1995ರಲ್ಲಿ ಜಪಾನಿನಲ್ಲಿ ರೂಪುಗೊಂಡಿತು. ಛಾಯಾಗ್ರಾಹಕನ ಹೆಸರು, ಹಕ್ಕುದಾರನ ವಿಳಾಸ, ಶೀರ್ಷಿಕೆ ಮುಂತಾದವನ್ನು ಬರೆದಿಡಲು ಪತ್ರಿಕೋದ್ಯಮವು ರೂಢಿಗೆ ತಂದ ಐಪಿಟಿಸಿ ಮಾದರಿಯೂ, ಅಡೋಬಿ ಸಂಸ್ಥೆಯು 2001ರಲ್ಲಿ ಪರಿಚಯಿಸಿದ ಎಕ್ಸ್‌ಎಂಪಿ ಮಾದರಿಯೂ ಬಳಕೆಯಲ್ಲಿವೆ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಇದು ಮೂಟೆಯ ಮೇಲೆ ಒತ್ತಿದ ಮಂಡಿಯ ಮುದ್ರೆ.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವು ಸಾಮಾನ್ಯವಾಗಿ 6000 x 4000 ಪಿಕ್ಸೆಲ್ ಅಳತೆಯದು. ಅಗಲವನ್ನು ಜಾಲತಾಣಕ್ಕೆ ಒಪ್ಪುವ 1080 ಪಿಕ್ಸೆಲ್‌ಗೆ ಇಳಿಸಿದರೆ ಎತ್ತರ 720 ಆಗುತ್ತದೆ. ಕಡತ ಹಗುರಾಗುವುದು ಮುಖ್ಯವಾಗಿ ಈ ಇಳಿಕೆಯಿಂದ; ಹೆಸರು, ವಿಳಾಸಗಳ ನಾಲ್ಕು ಸಾಲನ್ನು ಅಳಿಸುವುದರಿಂದ ಆಗುವ ಉಳಿತಾಯ ಅತ್ಯಲ್ಪ. ಆದರೂ ಅನೇಕ ತಂತ್ರಾಂಶಗಳು ಕಿರಿದುಗೊಳಿಸುವಾಗ ವಿವರವನ್ನೂ ಕಿತ್ತೊಗೆಯುತ್ತವೆ. ಇದನ್ನು ತಪ್ಪಿಸುವುದು ಕಷ್ಟವೇನಲ್ಲ. ಫೋಟೋಶಾಪ್‌ನಲ್ಲಿ ಹಕ್ಕು ಹಾಗೂ ಸಂಪರ್ಕದ ವಿವರವನ್ನು ಮಾತ್ರ ಉಳಿಸುವ ಆಯ್ಕೆಯಿದೆ. ಉಚಿತವಾಗಿ ದೊರೆಯುವ ಗಿಂಪ್‌ನಲ್ಲಿ ಎಕ್ಸಿಫ್, ಐಪಿಟಿಸಿ, ಎಕ್ಸ್‌ಎಂಪಿಗಳಿಗೆ ಪ್ರತ್ಯೇಕ ಆಯ್ಕೆಗಳಿವೆ. ಅಳಿದುಹೋದ ವಿವರವನ್ನು ಮೂಲ ಕಡತದಿಂದ ಕಿರಿದಾದ ಪ್ರತಿಗೆ ಮರಳಿ ನಕಲಿಸಲು ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನವೂ ಉಂಟು.

ವಿಷಯದ ಗಾಂಭೀರ್ಯ ಅರಿವಾಗುವುದು ಕಾನೂನನ್ನು ಗಮನಿಸಿದಾಗ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರನು, ವ್ಯತಿರಿಕ್ತ ಒಪ್ಪಂದವಿಲ್ಲದಿದ್ದಲ್ಲಿ, ತೆಗೆಸಿದವನೇ. 2012ರ ತಿದ್ದುಪಡಿಯು ಸೇರಿಸಿದ 65ಬಿ ಕಲಮು ಇನ್ನೂ ಮಹತ್ವದ್ದು. ಕೃತಿಯ ಕರ್ತೃ ಹಾಗೂ ಹಕ್ಕುದಾರನನ್ನು ಗುರುತಿಸುವ ಮಾಹಿತಿಯನ್ನು ಅಧಿಕಾರವಿಲ್ಲದೆ, ತಿಳಿದೂ ತಿಳಿದೂ ತೆಗೆದುಹಾಕುವುದು ಅಥವಾ ಬದಲಿಸುವುದು ಎರಡು ವರ್ಷಗಳವರೆಗಿನ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧ. ಆದರೆ ಮುದ್ರೆಯನ್ನು ಒಡೆಯನ ಗುಮಾಸ್ತನೇ ಅಳಿಸಿ ಹೊರಗೆ ಕಳುಹಿಸಿದ್ದರೆ, ಬೇರೆಯವರು ಅದನ್ನು ಅಳಿಸಿದರೆಂದು ದೂರುವುದು ಹೇಗೆ? ಕೃತಿಸ್ವಾಮ್ಯವೇನೋ ಉಳಿಯುತ್ತದೆ, 65ಬಿ ಕಲಮಿನ ಆಸರೆ ಮಾತ್ರ ಕೈತಪ್ಪುತ್ತದೆ.

ಜಾಲತಾಣಗಳೇ ಈ ವಿವರವನ್ನು ಅಳಿಸುವಾಗ ಉಳಿಸಿ ಪ್ರಯೋಜನವೇನು ಎಂಬ ಆಕ್ಷೇಪಣೆ ಸಹಜ. ಹಲವು ತಾಣಗಳು ಏರಿಸಿದ ಚಿತ್ರದಿಂದ ಬಹುಪಾಲು ವಿವರವನ್ನು ತೆಗೆದುಹಾಕುವುದೂ, ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ವಿವರ ಅಳಿಯುವುದೂ ನಿಜ. ಆದರೆ ಅದೇ ಕಡತವನ್ನು ವಾಟ್ಸ್‌ಆ್ಯಪ್‌ನಲ್ಲಿಯೇ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ವಿವರ ಉಳಿಯುತ್ತದೆ. ಮೇಲಾಗಿ ಕಿರಿದುಗೊಳಿಸಿದ ಪ್ರತಿಯು ಜಾಲತಾಣವೊಂದಕ್ಕೇ ಹೋಗುವುದಿಲ್ಲ. ಸಂಸ್ಥೆಯ ಸ್ವಂತ ವೆಬ್‌ಸೈಟು, ವಿತರಕರು, ಪತ್ರಿಕೆಗಳು, ವಿದೇಶಿ ಖರೀದಿದಾರರು ಎಲ್ಲರಿಗೂ ತಲುಪುತ್ತದೆ. ಗೂಗಲ್ ಚಿತ್ರಶೋಧವು 2018ರಿಂದ ಕರ್ತೃವಿನ ಹೆಸರನ್ನೂ 2020ರಿಂದ ಪರವಾನಗಿಯ ಗುರುತನ್ನೂ ತೋರಿಸುತ್ತಿದ್ದು, ಇದಕ್ಕೆ ಚಿತ್ರದೊಳಗಿನ ಐಪಿಟಿಸಿ ವಿವರವೂ ಆಧಾರವಾಗುತ್ತದೆ. ಒಂದು ದಾರಿಯಲ್ಲಿ ಮುದ್ರೆ ಅಳಿಯುತ್ತದೆಂದು ಎಲ್ಲ ದಾರಿಗಳಲ್ಲಿಯೂ ಮುದ್ರೆಯಿಲ್ಲದ ಸರಕನ್ನು ಕಳುಹಿಸುವುದು ವಿವೇಕವಲ್ಲ.

ಹಾಗೆಂದು ಎಲ್ಲ ವಿವರವನ್ನೂ ಕಣ್ಣುಮುಚ್ಚಿ ಉಳಿಸುವುದೂ ಸಲ್ಲದು. ಮೊಬೈಲ್‌ನಲ್ಲಿ ತೆಗೆದ ಚಿತ್ರದಲ್ಲಿ ಸ್ಥಳದ ಅಕ್ಷಾಂಶ, ರೇಖಾಂಶಗಳು ಸೇರಿರಬಹುದು. ಮನೆಯಲ್ಲಿಯೇ ಮಗ್ಗ ಹೂಡಿರುವ ನೇಕಾರನ, ಮನೆಯಿಂದಲೇ ಉದ್ಯಮ ನಡೆಸುವ ಮಹಿಳೆಯ ಮನೆ ಎಲ್ಲಿದೆಯೆಂಬುದು ಅಪರಿಚಿತರಿಗೆ ತಿಳಿಯುವುದು ಕ್ಷೇಮಕರವಲ್ಲ. ಚಿತ್ರದ ಅಂಚನ್ನು ಕತ್ತರಿಸಿದರೂ ಕಡತದೊಳಗಿನ ಪುಟ್ಟ ಮುನ್ನೋಟ ಚಿತ್ರದಲ್ಲಿ ಹಳೆಯ ಪೂರ್ಣರೂಪ ಉಳಿದುಬಿಡುವ ಸಂಭವವೂ ಇದೆ. ಆದಕಾರಣ ಕರ್ತೃ, ಹಕ್ಕುದಾರ, ಉದ್ದಿಮೆಯ ಸಂಪರ್ಕ, ಸರಕಿನ ಹೆಸರು ಇವು ಉಳಿಯಬೇಕು. ಸ್ಥಳದ ಗುರುತು, ಕ್ಯಾಮೆರಾದ ಕ್ರಮಸಂಖ್ಯೆ, ಮುನ್ನೋಟ ಚಿತ್ರ ಇವು ಅಳಿಯಬೇಕು. ಈ ವಿವೇಚನೆಯನ್ನು ತಂತ್ರಾಂಶದ ಮರ್ಜಿಗೆ ಬಿಡದೆ ಉದ್ದಿಮೆದಾರರೇ ಕೈಗೊಳ್ಳುವುದು ಲೇಸು.

ಮೆಟಾಡೇಟಾ ಒಂದೇ ಒಡೆತನದ ಅಂತಿಮ ಸಾಕ್ಷ್ಯವಾಗದು. ಅದನ್ನು ಯಾರು ಬೇಕಾದರೂ ತಿದ್ದಬಹುದು. ಆದ್ದರಿಂದ ಪೂರ್ಣ ಅಳತೆಯ ಮೂಲ ಕಡತ, ಛಾಯಾಗ್ರಾಹಕರಿಗೆ ನೀಡಿದ ಆದೇಶಪತ್ರ, ಪಾವತಿಯ ರಸೀದಿ ಇವುಗಳನ್ನು ಲೆಕ್ಕಪತ್ರಗಳಷ್ಟೇ ಜೋಪಾನವಾಗಿ ಕಾಪಿಡಬೇಕು. ಹಕ್ಕು ಯಾರದೆಂಬುದು ಛಾಯಾಗ್ರಾಹಕರೊಡನೆ ಮೊದಲೇ ಲಿಖಿತವಾಗಿ ತೀರ್ಮಾನವಾಗಿರಬೇಕು. ತನ್ನ ಕೆಲಸದ ಕೆಳಗೆ ತನ್ನ ಹೆಸರಿರಬೇಕೆಂಬ ಛಾಯಾಗ್ರಾಹಕನ ಅಪೇಕ್ಷೆಯೂ ನ್ಯಾಯವಾದುದೇ.

ಭೌಗೋಳಿಕ ಸೂಚಕ ಮಾನ್ಯತೆಗಾಗಿ ಶ್ರಮಿಸಿದ ರಾಜ್ಯದ ಕರಕುಶಲ ವಲಯವು ಸರಕಿನ ಹೆಸರನ್ನು ಕಾಯುವ ಬಗೆಯನ್ನು ಅರಿತಿದೆ. ಅದೇ ಎಚ್ಚರ ಸರಕಿನ ಚಿತ್ರಕ್ಕೂ ವಿಸ್ತರಿಸಬೇಕಾಗಿದೆ. ವಾಣಿಜ್ಯ ಸಂಸ್ಥೆಗಳು ಹಾಗೂ ಕೈಗಾರಿಕಾ ಸಂಘಗಳು ಸದಸ್ಯ ಘಟಕಗಳ ಸಿಬ್ಬಂದಿಗೆ ಅರ್ಧ ದಿನದ ತರಬೇತಿ ಏರ್ಪಡಿಸಿ, ಒಂದು ಪುಟದ ಮಾದರಿ ಪಟ್ಟಿಯನ್ನು ಸಿದ್ಧಪಡಿಸಿ ಹಂಚಿದರೆ ಸಾಕು. ಇದಕ್ಕೆ ಬೇಕಾದುದು ಬಂಡವಾಳವಲ್ಲ, ಶಿಸ್ತು.