ಅಂಗಳದ ಮರಕ್ಕೂ ಪಾತಿ ಬೇಕು

ತೋಟದ ಗಿಡಗಳಿಗೆ ಬುಡ ಬಿಡಿಸಿ, ಗೊಬ್ಬರ ಹಾಕಿ, ಸೊಪ್ಪು ಮುಚ್ಚುವ ನಾವು ಮನೆಯಂಗಳದ ಮರದ ಬುಡಕ್ಕೆ ಮಾತ್ರ ಸಿಮೆಂಟು ಹಾಕಿಸುತ್ತೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹೊಸ ಮನೆ ಕಟ್ಟುವ ಸದಸ್ಯ ಬಾಂಧವರು ಇದನ್ನು ಯೋಚಿಸಬೇಕು.

ಮಲೆನಾಡಿನ ಅಡಿಕೆ ತೋಟದಲ್ಲಿ ಹೆಚ್ಚಾದ ನೀರು ಹೊರಹೋಗಲೆಂದು ಬಸಿಗಾಲುವೆ ತೆಗೆಯುತ್ತಾರೆ. ನಮ್ಮ ಸೀಮೆಯ ಕಷ್ಟವೇ ಬೇರೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆಯ ಹೆಚ್ಚು ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬಿದ್ದು ಮುಗಿಯುತ್ತದೆ. ಎಷ್ಟೋ ಕಡೆ ಕೊಳವೆಬಾವಿ 1000 ಅಡಿ ದಾಟಿದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಹಲವು ಕೆರೆಗಳಿಗೆ ಬಂದಿರುವುದು ನಿಜ. ಆದರೆ ಅಂಗಳದ ಮರ ನಂಬಿರುವುದು ಅಂಗಳದಲ್ಲಿ ಬಿದ್ದ ಮಳೆಯನ್ನೇ. ಅದನ್ನು ಮೋರಿಗೆ ಬಿಟ್ಟು, ಬೇಸಿಗೆಯಲ್ಲಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸುವುದು ಯಾವ ಲೆಕ್ಕ?

ಬುಡದ ಸುತ್ತ ಕನಿಷ್ಠ ಒಂದು ಮಾರು ಬರೀ ಮಣ್ಣು ಬಿಡಿ. ಪಾತಿ ಮಾಡಿ, ತಾರಸಿಯ ಮಳೆನೀರನ್ನು ಅತ್ತ ತಿರುಗಿಸಿ. ಉದುರಿದ ಎಲೆಯನ್ನು ಸುಡದೆ ಪಾತಿಯಲ್ಲೇ ಹಾಸಿ, ಕಾಂಡಕ್ಕೆ ಮಾತ್ರ ತಾಗದಿರಲಿ. ಮಾವಿಗೆ ಹೂ ಬಿಡುವ ಮುಂಚೆ ನೀರುಣಿಸಬೇಡಿ. ಹೂವಿನ ಬದಲು ಚಿಗುರು ಬಂದೀತು. ಒಣಕೊಂಬೆಗಳನ್ನು ಕೊಯ್ಲು ಮುಗಿದ ಮೇಲೆ ಸವರಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಹೊಸದಾಗಿ ನೆಡುವವರಿಗೆ ನಮ್ಮ ನೆಲಕ್ಕೆ ಒಗ್ಗಿದ ಹೊಂಗೆ, ಬೇವು, ನುಗ್ಗೆಗಳಿವೆ. ಗೋಡೆಯಿಂದ ದೂರ ನೆಟ್ಟರಾಯಿತು.

ಅಂಗಳಕ್ಕೆ ಈಗಾಗಲೇ ಗಾರೆ ಹಾಕಿಸಿದವರು ಬರುವ ಮಳೆಗಾಲಕ್ಕೆ ಮುಂಚೆಯೇ ಮರದ ಬುಡದಷ್ಟನ್ನಾದರೂ ಒಡೆಸಿ. ಖರ್ಚು ಒಂದಾಳಿನ ಅರ್ಧ ದಿನದ ಕೂಲಿ. ಉಳಿಯುವುದು ಹಿರಿಯರು ಬೆಳೆಸಿಟ್ಟ ನೆರಳು.